ನಲವತ್ತೊಂದನೆಯ ಹಾಳೆ

ಮಂಡಿಪೇಟೆಗೆ ವೀಳ್ಯದೆಲೆ ತರುವ ಹರಿಹರದ ವ್ಯಾಪಾರಿಯೊಬ್ಬ ಕಳೆದ ಸೋಮವಾರ ನಮ್ಮ ಪ್ರೆಸ್ಸಿನ ಮೆಟ್ಟಿಲ ಮೇಲೆ ಬುಟ್ಟಿ ಇಳಿಸಿ, ಬೆವರು ಒರೆಸಿಕೊಳ್ಳುತ್ತಾ, "ನಿಮ್ಮ ಪಾರ್ಸಲ್ ಸಾಹೇಬ್ರು ಹೋದ್ರಂತಲ್ರಿ" ಅಂದ.

"ಎಲ್ಲಿಗೆ?" ಅಂದೆ. ಅಂದ ಮೇಲೆ ನನಗೇ ನಾಚಿಕೆಯಾಯಿತು. ಅವನು ಎಲೆಗಳ ಮೇಲೆ ನೀರು ಚಿಮುಕಿಸುತ್ತ ಕೂತ. ನಾನು ಒಳಗೆ ಬಂದು ಅಚ್ಚಿನ ಮೊಳೆ ಜೋಡಿಸಲು ನಿಂತೆ. ಯಾರದೋ ಗೃಹಪ್ರವೇಶದ ಆಮಂತ್ರಣ ಪತ್ರ. ಮೂವತ್ತು ವರ್ಷ ಹತ್ತಿರವಾಯಿತು ಈ ಕೆಲಸಕ್ಕೆ. ಯಾವ ಅಕ್ಷರ ಯಾವ ಖಾನೆಯಲ್ಲಿದೆ ಎಂದು ಕೈಗೆ ಗೊತ್ತು, ಕಣ್ಣು ಬೇಕಿಲ್ಲ. ಆ ದಿನ ಮಾತ್ರ ಕೈ ಮತ್ತೆ ಮತ್ತೆ ತಪ್ಪು ಖಾನೆಗೆ ಹೋಯಿತು.

ಅವರ ಹೆಸರು ಬರೆಯುವುದಿಲ್ಲ. ಅವರು ಪುಸ್ತಕದ ಮೇಲೂ ತಮ್ಮ ಹೆಸರು ಹಾಕಲು ಬಿಟ್ಟವರಲ್ಲ. ಯಾವುದೋ ಒಂದು ಕಾವ್ಯನಾಮ ಇಟ್ಟುಕೊಂಡಿದ್ದರು. ಅದನ್ನು ಓದಿದವರೆಲ್ಲ ಬರೆದವರು ಯಾರೋ ಮೈಸೂರಿನ ಕಡೆಯ ಪಂಡಿತರು ಅಂದುಕೊಂಡಿದ್ದರು. ಹರಿಹರದ ರೈಲ್ವೆ ಸ್ಟೇಷನ್ನಿನ ಪಾರ್ಸಲ್ ಆಫೀಸಿನಲ್ಲಿ ಬಿಳಿ ಕೋಟು ಹಾಕಿಕೊಂಡು ಬುಟ್ಟಿ ತೂಗುವ ಒಬ್ಬ ಸಾಹೇಬರು ಅಂತ ನಮ್ಮ ಪ್ರೆಸ್ಸಿನವರಿಗೆ ಬಿಟ್ಟರೆ ಇನ್ನಾರಿಗೂ ತಿಳಿಯದು.

ಉದ್ದನೆಯ ಆಳು. ಬಾಗಿಲಲ್ಲಿ ಬರುವಾಗ ತಲೆ ತಗ್ಗಿಸುತ್ತಿದ್ದರು. ತಗ್ಗಿಸಬೇಕಾದ ಅಗತ್ಯವಿಲ್ಲದ ಎತ್ತರದ ಬಾಗಿಲಲ್ಲೂ ತಗ್ಗಿಸುತ್ತಿದ್ದರು. ಏನು ಕೈಗೆ ಸಿಕ್ಕಿದರೂ ಅಂಗೈಯಲ್ಲಿಟ್ಟು ಒಮ್ಮೆ ತೂಗಿ ನೋಡುವುದು ಅವರ ಚಾಳಿ. ಚಹಾದ ಲೋಟ, ಮಂಡಕ್ಕಿಯ ಪೊಟ್ಟಣ, ನಮ್ಮ ಸೀಸದ ಮೊಳೆ, ಎಲ್ಲವನ್ನೂ. ಮೂಗು ಇನ್ನೂ ಚುರುಕು. ಹೊಲಿದ ಗೋಣಿಯ ಹತ್ತಿರ ನಿಂತು, "ಒಣಮೀನು. ಅಡಿಯಾಗ ಯಾರೋ ಬೆಲ್ಲ ಮುಚ್ಚಿಟ್ಟಾರೆ" ಅನ್ನುತ್ತಿದ್ದರಂತೆ. ಬಿಚ್ಚಿದರೆ ಹಾಗೇ ಇರುತ್ತಿತ್ತಂತೆ.

ವಾರಕ್ಕೊಮ್ಮೆ ರಜೆಯ ದಿನ ಬೆಳಗಿನ ಪ್ಯಾಸೆಂಜರಿಗೆ ಹರಿಹರದಿಂದ ದಾವಣಗೆರೆಗೆ ಬರುವರು. ಬರೆದ ಹಾಳೆಗಳನ್ನು ಚೀಲದಲ್ಲಿ ತರುವವರಲ್ಲ. ಬಟ್ಟೆಯಲ್ಲಿ ಸುತ್ತಿ, ಸುತಳಿಯಿಂದ ಹೊಲಿದು, ಗಂಟಿಗೆ ಅರಗು ಹಾಕಿ, ಪಾರ್ಸಲ್ಲಿನ ಹಾಗೆಯೇ ತರುವರು. ಮೆಷಿನ್ ನಡೆಸುವ ಬಸಣ್ಣ ಪ್ರತಿ ಸಲ ಚೇಷ್ಟೆ ಮಾಡುತ್ತಿದ್ದ.

"ಏನ್ ಸಾಹೇಬ್ರೆ, ಈ ವಾರ ಮಾವಿನ ಹಣ್ಣೇನ್ರಿ?"

"ಕಾಯಿ ಬಸಣ್ಣ. ನಿಮ್ಮ ಮೆಷಿನ್ನಾಗ ಇಟ್ಟು ಒತ್ರಿ, ಹಣ್ಣಾಗ್ತಾವೆ."

ನನ್ನನ್ನು ಅವರು 'ಉಸ್ತಾದ್' ಎಂದು ಕರೆಯುತ್ತಿದ್ದರು. ಇದನ್ನು ಹೇಳಲೇಬೇಕು. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅಪ್ಪ ಹೋದ ವರ್ಷವೇ ಪ್ರೆಸ್ಸಿಗೆ ಸೇರಿ, ಮೊಳೆ ತೊಳೆಯುತ್ತಾ ತೊಳೆಯುತ್ತಾ ಅಕ್ಷರ ಗಟ್ಟಿ ಮಾಡಿಕೊಂಡೆ. ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿರುವ ಸಾಲನ್ನು ನಾನು ಓದುವಷ್ಟು ಬೇಗ ಬಿ.ಎ. ಮಾಡಿದವರು ನೆಟ್ಟಗಿನ ಸಾಲನ್ನು ಓದಲಾರರು. ಆದರೂ ನಮ್ಮ ಯಜಮಾನರಿಗೆ ಸಿಟ್ಟು ಬಂದರೆ, ನಗು ಬಂದರೂ, "ಲೇ ನಾಕನೇ ಕ್ಲಾಸು" ಅಂತಲೇ ಕೂಗುತ್ತಿದ್ದುದು. ನಮ್ಮ ಮನೆತನದಲ್ಲಿ ಅಜ್ಜ, ಅಪ್ಪ, ಚಿಕ್ಕಪ್ಪಂದಿರು ಎಲ್ಲರೂ ಹೆಬ್ಬೆಟ್ಟಿನವರು. ಅಕ್ಕನ ಪಾಲಿನ ಜಮೀನಿನ ಕಾಗದಕ್ಕೆ ರಿಜಿಸ್ಟ್ರಾರ್ ಆಫೀಸಿನಲ್ಲಿ ಚಿಕ್ಕಪ್ಪಂದಿರೆಲ್ಲ ಮಸಿಗೆ ಬೆರಳು ಚಾಚಿದಾಗ, ನಾನೊಬ್ಬನೇ ಜೇಬಿನಿಂದ ಪೆನ್ನು ತೆಗೆದು ಸಹಿ ಹಾಕಿದವನು. ಆ ದಿನವೇ ನಿಶ್ಚಯ ಮಾಡಿದ್ದೆ, ಈ ಜನ್ಮದಲ್ಲಿ ನನ್ನ ಹೆಬ್ಬೆಟ್ಟಿಗೆ ಮಸಿ ತಾಗಿದರೆ ಅದು ಮೊಳೆಯ ಮಸಿ ಮಾತ್ರ ಎಂದು. ಅಂಥ ನನ್ನನ್ನು ಅವರು ಎಲ್ಲರೆದುರಿಗೆ ಉಸ್ತಾದ್ ಅನ್ನುತ್ತಿದ್ದರು.

ಅವರು ಬರೆಯುತ್ತಿದ್ದುದು ಐದು ಸಂಪುಟದ ಒಂದು ದೊಡ್ಡ ಕಥೆ. ತಾಮ್ರಗಿರಿ ಎಂಬ ರಾಜ್ಯ. ಅಲ್ಲಿನ ಅರಸನ ದನಿಯನ್ನು ಒಬ್ಬಳು ಮಾಯಾವಿ ಕದ್ದು, ಒಂದು ಕಂಚಿನ ಗಂಟೆಯೊಳಗೆ ಮುಚ್ಚಿಟ್ಟು, ಕರಿಹೊಳೆಯ ಆಚೆ ಏಳಂತಸ್ತಿನ ಗೋಪುರಕ್ಕೆ ಕಟ್ಟಿಬಿಟ್ಟಿದ್ದಾಳೆ. ಆ ರಾಜ್ಯದಲ್ಲಿ ಹುಟ್ಟಿದ ಮಗುವಿನ ಹೆಸರನ್ನು ಮೊದಲು ಅರಸನೇ ಉಚ್ಚರಿಸಬೇಕೆಂಬ ಕಟ್ಟಳೆ. ಅರಸನಿಗೆ ದನಿಯೇ ಇಲ್ಲದ ಮೇಲೆ ಹುಟ್ಟಿದ ಮಕ್ಕಳಿಗೆಲ್ಲ ಹೆಸರೇ ಇಲ್ಲ. ಗಂಟೆ ತರಲು ಮೂವರು ಹೊರಡುತ್ತಾರೆ: ರಾಜಕುಮಾರಿ, ಒಬ್ಬ ಮುದಿ ಅಗಸ, ಸೈನ್ಯದಿಂದ ಓಡಿಬಂದ ಒಬ್ಬ ಸಿಪಾಯಿ. ಸಾಹೇಬರ ಅಜ್ಜಿ ಉರ್ದುವಿನಲ್ಲಿ ಹೇಳುತ್ತಿದ್ದ ಕಥೆಗಳ ಗಾಳಿ ಇದರಲ್ಲಿತ್ತು; ಮಾತು ಮಾತ್ರ ಅಪ್ಪಟ ಹೊಳೆದಂಡೆಯ ಕನ್ನಡ. ಮಿಲ್ಲಿನ ಕೆಲಸಗಾರರು ಒಂದು ಪ್ರತಿ ತಂದು ಹತ್ತು ಜನ ಕೂತು ಓದಿಸಿಕೊಳ್ಳುತ್ತಿದ್ದರು. ಕೆ.ಬಿ. ಬಡಾವಣೆಯ ವಕೀಲರೊಬ್ಬರ ಹೆಂಡತಿ, ಎರಡನೆಯದು ಮುಗಿಸಿ ಮೂರನೆಯದು ಎಂದು ಬರುತ್ತದೆ ಎಂದು ಪ್ರೆಸ್ಸಿಗೇ ಕಾಗದ ಕಳಿಸಿದ್ದರು.

ಮೂರನೆಯದೆಂದರೆ ಸಾಹೇಬರಿಗೆ ಭಯವಿತ್ತು. "ಮೊದಲನೇದಕ್ಕೆ ಹೊರಡೋ ಹುರುಪು ಇರ್ತೈತೆ ಉಸ್ತಾದ್, ಕಡೇದಕ್ಕೆ ಮನೆ ಮುಟ್ಟೋ ಆಸೆ. ನಡುವಿನದ್ರಾಗ ಏನೈತೆ? ಈ ದಡಾನೂ ಕಾಣಲ್ಲ, ಆ ದಡಾನೂ ಕಾಣಲ್ಲ. ಬರೇ ನೀರು" ಎಂದಿದ್ದರು ಒಮ್ಮೆ, ಚಹಾವನ್ನು ಬಸಿಯಲ್ಲಿ ಆರಿಸಿಕೊಳ್ಳುತ್ತ. ಆ ನೀರು ದಾಟಿಸಲೆಂದೇ ಮೂರನೆಯ ಸಂಪುಟದಲ್ಲಿ ಹೊಳೆಮಲ್ಲಿ ಬಂದಳು. ಕರಿಹೊಳೆಯಲ್ಲಿ ಹರಿಗೋಲು ನಡೆಸುವ ಅಂಬಿಗರ ಹೆಣ್ಣು. ಮಾತಾಡುವ ಮೊದಲು ನಗುವವಳು. ಅವಳು ಬಂದ ಮೇಲೆ ರಾಜಕುಮಾರಿಯನ್ನು ಕೇಳುವವರೇ ಇರಲಿಲ್ಲ.

ಅವರ ಹಾಳೆಗಳ ಬಗ್ಗೆ ಹೇಳಬೇಕು. ರದ್ದಾದ ಪಾರ್ಸಲ್ ಚೀಟಿಗಳ ಹಿಂಬದಿಯಲ್ಲಿ ಬರೆಯುತ್ತಿದ್ದರು. ದಪ್ಪ, ಒಳ್ಳೆಯ ಕಾಗದ. ಪ್ರತಿ ಹಾಳೆಯ ಬಲಮೂಲೆಯಲ್ಲಿ ನೇರಳೆ ಮಸಿಯ ಒಂದು ಹೆಬ್ಬೆಟ್ಟು. ಮೊದಮೊದಲು ಅದೇನೋ ರೈಲ್ವೆಯ ಗುರುತು ಅಂದುಕೊಂಡಿದ್ದೆ. ಒಂದು ದಿನ ನೋಡಿದರೆ ಎಲ್ಲ ಹಾಳೆಯಲ್ಲೂ ಒಂದೇ ಬೆರಳು. ಅಡ್ಡಕ್ಕೆ ಓರೆಯಾಗಿ ಒಂದು ಹಳೆ ಗಾಯದ ಗೆರೆ. ಕೇಳಿದೆ.

"ನಮ್ಮ ಮನೆಯವ್ರದು" ಅಂದರು. "ಓದಾಕ ಬರಲ್ಲ ಅವ್ರಿಗೆ. ಬರೆದ ಹಾಳೀನ ಸಂಜೆ ಕೂತು ಓದಿ ಹೇಳ್ತೀನಿ. ಒಪ್ಪಿಗೆ ಆದ್ರೆ ಹೆಬ್ಬೆಟ್ಟು. ಇಲ್ಲಾಂದ್ರೆ ವಾಪಸ್."

"ವಾಪಸ್ಸು ಆಗಿದ್ದು ಐತೇನ್ರಿ?"

"ಭಾಳ. ಎರಡನೇ ಸಂಪುಟದಾಗ ಅಗಸನ್ನ ಸಾಯಿಸಿದ್ದೆ. ಮೂರು ದಿನ ಮಾತೇ ಆಡ್ಲಿಲ್ಲ. ಬದುಕಿಸಿದೆ."

ಅವರ ಹೆಂಡತಿಯನ್ನು ನಾನು ನೋಡಿದ್ದು ಒಂದೇ ಸಲ. ಮೂರನೆಯ ಸಂಪುಟ ಶುರುವಾದ ಹೊಸದರಲ್ಲಿ ಪ್ರೂಫ್ ತಗೊಂಡು ಹರಿಹರಕ್ಕೆ ಹೋಗಿದ್ದೆ. ಹೊಳೆಗೆ ಹೋಗುವ ಓಣಿಯಲ್ಲಿ ಎರಡು ಕೋಣೆಯ ಮನೆ. ಆಕೆ ಮಂಚದ ಮೇಲೆ ದಿಂಬಿಗೆ ಒರಗಿದ್ದರು. ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿ ಎರಡು ವರ್ಷವಾಗಿತ್ತಂತೆ. ನನ್ನನ್ನು ನೋಡಿ ಮೊದಲು ನಕ್ಕರು, ಎಡಗೈಯಿಂದ ಬಾಯಿ ಮುಚ್ಚಿಕೊಂಡು. ಆಮೇಲೆ ಮಾತು.

"ಕಂಪೋಸಿಟರ್ ಭಾಯಿ ಇವ್ರೇನಾ? ಕೂಡ್ರಿ ಭಾಯಿ, ಕೂಡ್ರಿ. ನಮ್ಮ ಹೊಳೆಮಲ್ಲೀನ ನೀರಾಗ ಜಾಸ್ತಿ ಹೊತ್ತು ಬಿಡಬ್ಯಾಡ್ರಿ ಮತ್ತೆ. ಥಂಡಿ ಆಗ್ತೈತೆ ಅಕೀಗೆ."

ನಾನೂ ನಕ್ಕು, "ನನ್ನ ಕೈಯಾಗ ಏನೈತೆ ತಾಯಿ, ಸಾಹೇಬ್ರು ಬರೆದಂಗೆ" ಎಂದೆ. ಆ ಮಾತು ಆಡಿದ ಬಾಯಿ ಇದೇ.

ಆಕೆಗೆ ಎರಡನೆಯ ಸಲ ಲಕ್ವ ಹೊಡೆದದ್ದು ಮೂರನೆಯ ಸಂಪುಟ ಅರ್ಧಕ್ಕೆ ಬಂದಾಗ. ಸಾಹೇಬರು ರಜೆ ಹಾಕಿ ಆಸ್ಪತ್ರೆಯಲ್ಲಿ ಕೂತರು. ಅದಕ್ಕೆ ಮುಂಚೆ ಬರೆದಿಟ್ಟಿದ್ದ ಹಾಳೆಗಳ ಗಂಟನ್ನು ಯಾರದೋ ಕೈಯಲ್ಲಿ ಕಳಿಸಿದ್ದರು. ಆ ಸಲ ಅದಕ್ಕೆ ಹೊಲಿಗೆ ಇರಲಿಲ್ಲ, ಅರಗೂ ಇರಲಿಲ್ಲ.

ನಮ್ಮದು ಸಣ್ಣ ಪ್ರೆಸ್ಸು. ಇದ್ದ ಮೊಳೆಯೆಲ್ಲ ಸೇರಿದರೆ ಎಂಟು ಪುಟಕ್ಕೆ ಸಾಲುತ್ತಿತ್ತು. ಎಂಟು ಪುಟ ಜೋಡಿಸಿ, ಅಚ್ಚು ಹಾಕಿ, ಮತ್ತೆ ಮೊಳೆ ಬಿಚ್ಚಿ ಖಾನೆಗೆ ತುಂಬಿದರೇ ಮುಂದಿನ ಎಂಟು ಪುಟ. ನಡುವೆ ಒಂದು ಪುಟ ನಿಂತರೆ ಎಲ್ಲವೂ ನಿಂತ ಹಾಗೆ. ಒಂದು ಮದುವೆ ಪತ್ರಿಕೆಗೂ ಅಕ್ಷರ ಉಳಿಯುವುದಿಲ್ಲ. ಅದು ಲಗ್ನದ ಕಾಲ ಬೇರೆ. ಯಜಮಾನರು ಬೆಳಗ್ಗೆ ಬಂದು, "ಇವತ್ತು ಮಧ್ಯಾಹ್ನ ಮೆಷಿನ್ನಿಗೆ ಏರಬೇಕು, ಏರದಿದ್ರೆ ನಾಕನೇ ಕ್ಲಾಸಿನವನ್ನ ಮೂರನೇ ಕ್ಲಾಸಿಗೆ ಇಳಿಸ್ತೀನಿ ನೋಡು" ಎಂದು ನಕ್ಕು ಹೋದರು. ಏಳು ಪುಟ ಮುಗಿದಿತ್ತು. ನಲವತ್ತನೆಯ ಹಾಳೆ ತಿರುಗಿಸಿ ಕೈಹಾಕಿದೆ; ಸಿಕ್ಕಿದ್ದು ನಲವತ್ತೆರಡು.

ಮೇಜು, ಮೇಜಿನ ಅಡಿ, ಕಸದ ಬುಟ್ಟಿ, ಮಸಿ ಒರೆಸುವ ಚಿಂದಿ, ಎಲ್ಲ ಹುಡುಕಿದೆ. "ಬಸಣ್ಣ, ಒಂದು ಹಾಳೆ ಕಂಡೀ ಏನು?" ಎಂದೆ.

"ನಿಮ್ಮ ಹಾಳೆ ನಿಮ್ಮ ಮೇಜು. ನನಗೆ ಅಕ್ಷರ ಬಂದಿದ್ರೆ ಇಲ್ಲಿ ಯಾಕ ಚಕ್ರ ತುಳೀತಿದ್ದೆ ಅಣ್ಣ?" ಅಂದ.

ಹಾಳೆ ಕಳೆದದ್ದು ನನ್ನ ಮೇಜಿನಿಂದ. ಇಷ್ಟು ವರ್ಷದಲ್ಲಿ ಒಂದು ಚೂರು ಕಾಗದ ಕಳೆದವನಲ್ಲ ನಾನು. ಯಜಮಾನರಿಗೆ ಹೇಳಿದರೆ ಇಡೀ ಮಂಡಿಪೇಟೆಗೆ ಹೇಳಿದ ಹಾಗೆ. ಆಸ್ಪತ್ರೆಗೆ ಹೋಗಿ, ಆ ಸ್ಥಿತಿಯಲ್ಲಿರುವ ಮನುಷ್ಯನನ್ನು, ಇನ್ನೊಮ್ಮೆ ಬರೆದುಕೊಡಿ ಎಂದು ಕೇಳುವುದು ಹೇಗೆ? ಹೀಗೆ ನನಗೆ ನಾನೇ ಹೇಳಿಕೊಂಡೆ. ಅದರಡಿಯಲ್ಲಿ ಇನ್ನೊಂದು ಯೋಚನೆ ಇತ್ತು, ಅದನ್ನೂ ಹೇಳಿಬಿಡುತ್ತೇನೆ: ಎರಡೂವರೆ ಸಂಪುಟ ಜೋಡಿಸಿದವನಿಗೆ ಒಂದು ಪುಟ ಬರೆಯಲು ಬಾರದೇ?

ನಲವತ್ತನೆಯ ಹಾಳೆಯ ಕೊನೆಗೆ ನಡುಹೊಳೆಯ ಸುಳಿಗೆ ಸಿಕ್ಕ ಹರಿಗೋಲನ್ನು ಬಿಡಿಸಲು ಹೊಳೆಮಲ್ಲಿ ನೀರಿಗೆ ಧುಮುಕಿದ್ದಳು. ನಲವತ್ತೆರಡರ ಮೊದಲ ಸಾಲು, 'ದಡದಲ್ಲಿ ಮೂವರೂ ಮಾತಿಲ್ಲದೆ ನಿಂತರು. ಆಮೇಲೆ ಮೂಡಣಕ್ಕೆ ಹೆಜ್ಜೆ ಹಾಕಿದರು.' ಮೂವರು, ನಾಲ್ವರಲ್ಲ. ಮುಂದಿನ ಹಾಳೆಗಳಲ್ಲಿ ಹುಡುಕಿದೆ, ಹೊಳೆಮಲ್ಲಿಯ ಹೆಸರಿಲ್ಲ. ಇನ್ನೇನು ಬೇಕು? ಕಾಗದ, ಪೆನ್ನು ಏನೂ ಇಲ್ಲದೆ, ನೇರ ಮೊಳೆಗೆ ಕೈಹಾಕಿ ಜೋಡಿಸಿದೆ. ಹರಿಗೋಲು ಬಿಡುಗಡೆಯಾಗಿ ದಡ ಸೇರುತ್ತದೆ. ಸುಳಿ ಅವಳನ್ನು ಬಿಡುವುದಿಲ್ಲ. 'ಹೊಳೆಮಲ್ಲಿ ಒಮ್ಮೆ ನಕ್ಕಳು. ಆಮೇಲೆ ನೀರು ಮುಚ್ಚಿಕೊಂಡಿತು.' ಈ ಸಾಲು ಜೋಡಿಸುವಾಗ ನನ್ನ ಕಣ್ಣು ಒದ್ದೆಯಾದದ್ದು ನಿಜ. ಅಚ್ಚಾದ ಮೊದಲ ಹಾಳೆಯನ್ನು ಬಸಣ್ಣನಿಗೆ ಓದಿ ಹೇಳಿದೆ. ಅವನು ತುಳಿಯುವುದನ್ನು ನಿಲ್ಲಿಸಿ ಮೂಗು ಒರೆಸಿಕೊಂಡ. "ಕಳೆದಿದ್ದ ಹಾಳೆ ಸಿಕ್ತೇನಣ್ಣ?" ಅಂದ. "ಸಿಕ್ತು ಬಿಡು" ಎಂದೆ. ಆ ಮಧ್ಯಾಹ್ನ ನಾನು ಉಂಡ ಊಟದ ರುಚಿ ನೆನಪಿದೆ. ಅಷ್ಟು ಹೆಮ್ಮೆಯಾಗಿತ್ತು.

ಸಾಹೇಬರು ಬಂದದ್ದು ಹದಿನೈದು ದಿನದ ಮೇಲೆ. ಬಾಗಿಲಲ್ಲಿ ತಲೆ ತಗ್ಗಿಸಲಿಲ್ಲ. ಗಡ್ಡ ಬೆಳೆದಿತ್ತು. ಯಜಮಾನರು ಎದ್ದು ನಿಂತು, "ಹಿಂಗಾಗಬಾರದಿತ್ತು ಸಾಹೇಬ್ರೆ" ಎಂದಾಗಲೇ ಆಕೆ ತೀರಿಹೋದದ್ದು ನನಗೆ ಗೊತ್ತಾದದ್ದು. ಅವರು ತಲೆಯಾಡಿಸಿ, ಅಚ್ಚಾದ ಹಾಳೆಗಳ ಕಟ್ಟು ತೆಗೆದುಕೊಂಡು ಕಿಟಕಿಯ ಹತ್ತಿರ ನಿಂತರು. ಅಂಗೈಯಲ್ಲಿ ತೂಗಲಿಲ್ಲ. ಒಂದೊಂದೇ ಹಾಳೆ ತಿರುವುತ್ತ ಹೋದರು. ನಾನು ಮೊಳೆ ಬಿಚ್ಚುತ್ತಿದ್ದೆ, ಕಿವಿಯೆಲ್ಲ ಅತ್ತ.

ಹಾಳೆಯ ಸದ್ದು ನಿಂತಿತು.

"ಉಸ್ತಾದ್, ಇದು ನಾನು ಬರೆದದ್ದಾ?"

ಬಸಣ್ಣ ಇದ್ದ. ಯಜಮಾನರು ಇದ್ದರು. ಲಗ್ನಪತ್ರಿಕೆಗೆ ಬಂದ ಯಾರೋ ಇಬ್ಬರು ಇದ್ದರು. "ಹೌದ್ರಿ, ನಿಮ್ಮ ಕೈಬರಹಾನೇ" ಎಂದೆ.

"ಹಾಳೆ ಎಲ್ಲೈತೆ?"

"ಮಸಿ ಚೆಲ್ಲಿ ಹಾಳಾತು ಸಾಹೇಬ್ರೆ. ಒಗೆದೆ."

ಕಟ್ಟನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ನನ್ನ ಹತ್ತಿರ ಬಂದರು. ಆಮೇಲೆ ತೀರ ಮೆಲ್ಲಗೆ, ನನಗೊಬ್ಬನಿಗೇ ಕೇಳಿಸುವ ಹಾಗೆ ಕೇಳಿದರು: "ಅದರ ಮ್ಯಾಲೆ ಹೆಬ್ಬೆಟ್ಟು ಇತ್ತೇನು?"

ಇಲ್ಲ ಎಂದರೆ ಅದು ಅವರ ಹಾಳೆ ಅಲ್ಲವೆಂದಾಗುತ್ತಿತ್ತು. "ಇತ್ತು" ಎಂದೆ.

ಆ ಒಂದು ಮಾತು ಏನು ಮಾಡಿತೆಂದು ಆಗ ನನಗೆ ತಿಳಿಯಲಿಲ್ಲ. ಅವರ ಮುಖ ನೋಡಿದ ಮೇಲೆ ಅರ್ಧ ತಿಳಿಯಿತು; ಇನ್ನರ್ಧ ತಿಳಿಯಲು ತಿಂಗಳುಗಳೇ ಹಿಡಿದವು. ತಮ್ಮ ಹೆಂಡತಿಯ ನಗುವನ್ನೇ ಕೊಟ್ಟು ಸೃಷ್ಟಿಸಿದ ಹೆಣ್ಣನ್ನು, ಹೆಂಡತಿ ಸಾಯುವ ವಾರವೇ, ತಮ್ಮ ಕೈಯೇ ನೀರಿಗೆ ಹಾಕಿದೆ. ಅದನ್ನು ಓದಿಯೂ ಹೇಳಿದ್ದಾರೆ. ಆಕೆ ಕೇಳಿ, ಒಪ್ಪಿ, ಹೆಬ್ಬೆಟ್ಟು ಒತ್ತಿದ್ದಾಳೆ. ಹೀಗೆಂದು ಅವರು ನಂಬಿದರು. ನಾನು ನಂಬಿಸಿದೆ.

ಪುಸ್ತಕ ಹೊರಬಂತು. ಜನ ಅತ್ತರು. ಮಿಲ್ಲಿನವನೊಬ್ಬ ಪ್ರೆಸ್ಸಿಗೆ ಬಂದು, "ಬರೆದವನು ಸಿಕ್ಕಿದ್ರೆ ಕೈ ಮುರೀತೀನಿ" ಎಂದು ಬೈದು, ಇನ್ನೊಂದು ಪ್ರತಿ ಕೊಂಡು ಹೋದ. ಎಲ್ಲರೂ ಹೊಗಳಿದ್ದು ಆ ಪುಟವನ್ನೇ. ನಾನು ಕೇಳಿಸಿಕೊಂಡು ಮೊಳೆ ಜೋಡಿಸುತ್ತಿದ್ದೆ.

ನಾಲ್ಕನೆಯ ಸಂಪುಟ ಬರಲಿಲ್ಲ. ಯಜಮಾನರು ಎರಡು ಸಲ ಹರಿಹರಕ್ಕೆ ಹೋಗಿ ಬಂದರು. "ನನ್ನ ಕೈಯಾಗ ಕೆಟ್ಟದ್ದೈತೆ ಅಂತಾರಲೇ ಆ ಮನುಷ್ಯ. ಬರೆದ್ರೆ ಏನರ ಆಗ್ತೈತಂತೆ" ಎಂದು ತಲೆ ಚಚ್ಚಿಕೊಂಡರು. ನಾನು ಊಟದ ಡಬ್ಬಿ ತೆಗೆದುಕೊಂಡು ಹಿತ್ತಲಿಗೆ ಹೋದೆ. ಉಣ್ಣಲಾಗಲಿಲ್ಲ.

ಎರಡು ವರ್ಷದ ಮೇಲೆ ರಾಣೆಬೆನ್ನೂರಿಗೆ ಹೋಗುವಾಗ ಹರಿಹರ ಸ್ಟೇಷನ್ನಿನಲ್ಲಿ ಅವರನ್ನು ಕಂಡೆ. ಪಾರ್ಸಲ್ ಆಫೀಸಿನ ಬಾಗಿಲಲ್ಲಿ ಬುಟ್ಟಿಗಳ ನಡುವೆ ಸ್ಟೂಲಿನ ಮೇಲೆ ಕೂತಿದ್ದರು. ನನ್ನನ್ನು ಕಂಡು ಎದ್ದು ನನ್ನ ಗಾಡಿಯ ಕಿಟಕಿಯ ಹತ್ತಿರ ಬಂದರು. ಕ್ಷೇಮಸಮಾಚಾರ ಕೇಳಿದರು. ಗಾರ್ಡು ಸೀಟಿ ಊದಿದ. ಆಗ ಕಿಟಕಿಯ ಸರಳು ಹಿಡಿದುಕೊಂಡು, "ಉಸ್ತಾದ್, ಒಂದು ಮಾತು. ಮನುಷ್ಯ ತಾನು ಬರೆದದ್ದನ್ನ ತಾನೇ ಮರೀಬಹುದಾ? ಆಕೀಗೆ ಹೇಳಿದ್ದು ಬ್ಯಾರೆ ಇತ್ತು ಅಂತ ನೆಪ್ಪು ನಂಗೆ. ದಡಕ್ಕೆ ಬಂದ್ಲು ಅಂತ ಹೇಳಿದ್ದೆ" ಎಂದರು.

ಗಾಡಿ ಅಲುಗಾಡಿತು. ನಾನು, "ಆ ದಿನ ಭಾಳ ದಣಿದಿದ್ರಿ ಸಾಹೇಬ್ರೆ" ಎಂದೆ.

"ಹೌದು" ಎಂದು ಸರಳು ಬಿಟ್ಟರು.

ಆಮೇಲೆ ನಾನು ಹರಿಹರದ ಮೇಲೆ ಹೋಗುವುದನ್ನೇ ಬಿಟ್ಟೆ. ಆದರೂ ಆ ಹೆಣ್ಣು ನನ್ನನ್ನು ಬಿಡಲಿಲ್ಲ. ಮೊಳೆ ತೊಳೆಯಲು ತೊಟ್ಟಿಯ ನೀರಿಗೆ ಕೈಹಾಕಿದರೆ ಸಾಕು, ಬೆರಳಿಗೆ ಕೂದಲು ತೊಡರಿದ ಹಾಗೆ ಆಗುತ್ತಿತ್ತು. ಮನೆಯಲ್ಲಿ ನನ್ನ ಹೆಂಡತಿ ಯಾವುದಕ್ಕೋ ನಕ್ಕರೆ, ಮುಂದೆ ನೀರು ಮುಚ್ಚಿಕೊಳ್ಳುತ್ತದೆ ಎಂದು ಎದೆ ಹಾರುತ್ತಿತ್ತು. ಒಂದು ಪುಟ ಬರೆದವನಿಗೆ ಇಷ್ಟು. ಐದು ಸಂಪುಟ ತಲೆಯಲ್ಲಿ ಹೊತ್ತುಕೊಂಡು ಬಾಯಿ ಮುಚ್ಚಿಕೊಂಡವರಿಗೆ?

ಕಳೆದ ವರ್ಷ ಯಜಮಾನರ ಮಗ ಕರೆಂಟಿನ ಹೊಸ ಮೆಷಿನ್ ತರಿಸಿ, ಹಳೆಯ ತುಳಿಯುವ ಮೆಷಿನ್ನನ್ನು ಮಾರಿದ. ಬಸಣ್ಣ ಕಣ್ಣೊರೆಸಿಕೊಳ್ಳುತ್ತಾ ಅದರ ಒಂದೊಂದೇ ಭಾಗ ಬಿಚ್ಚುತ್ತಿದ್ದ. ಕಾಗದ ಇಡುವ ಹಲಗೆಯ ಮೇಲೆ ಮೆತ್ತನೆಯ ಒತ್ತಿಗೆ ಇರಲೆಂದು ಐದಾರು ದಪ್ಪ ಹಾಳೆಗಳನ್ನು ಬಿಗಿಯಾಗಿ ಕಟ್ಟಿರುತ್ತಾರೆ. ಮೇಲಿನ ಹಾಳೆ ಹರಿದರೆ ಬದಲಿಸುತ್ತಾರೆ. ಅಡಿಯ ಹಾಳೆಗಳನ್ನು ಯಾರೂ ಮುಟ್ಟುವುದಿಲ್ಲ. ಬಸಣ್ಣ ಅವನ್ನು ಕಿತ್ತು ನೆಲಕ್ಕೆ ಹಾಕಿದ. ಎಲ್ಲಕ್ಕಿಂತ ಅಡಿಯದು ಒಂದು ಪಾರ್ಸಲ್ ಚೀಟಿ.

"ಇದು ಎಲ್ಲಿಂದ ಬಂತೋ?" ಎಂದೆ.

"ಯಾವ ಕಾಲದ್ದೋ ಅಣ್ಣ. ಮೇಜಿನ ಮ್ಯಾಲೆ ದಪ್ಪನ ರದ್ದಿ ಬಿದ್ದಿದ್ರೆ, ಹಲಗಿ ಹೊಸದಾಗಿ ಕಟ್ಟುವಾಗ ತಗೊಂಡು ಅಡಿಗೆ ಹಾಕ್ತಿದ್ದೆ. ಚೀಟಿ ಮ್ಯಾಲೆ ಕಾಟು ಹೊಡೆದಿತ್ತಲ್ಲ, ಬ್ಯಾಡಾದ್ದು ಅಂತ…"

ತಿರುಗಿಸಿದೆ. ನಲವತ್ತೊಂದು. ಸಾವಿರಾರು ಸಲ ಒತ್ತಿಸಿಕೊಂಡು ಹಾಳೆ ತೆಳ್ಳಗಾಗಿ, ಬೇರೆ ಬೇರೆ ಅಕ್ಷರಗಳ ಉಬ್ಬು ಎದ್ದಿತ್ತು. ಆದರೂ ಓದಲು ಬರುತ್ತಿತ್ತು. ಮೂಲೆಯಲ್ಲಿ ನೇರಳೆ ಹೆಬ್ಬೆಟ್ಟು, ಅಡ್ಡಕ್ಕೆ ಓರೆ ಗೆರೆ. ನಾನು ಕಟ್ಟಿದ ಪುಟ ಅಚ್ಚಾದದ್ದು ಇದರ ಮೇಲೆಯೇ. ಆ ಪುಸ್ತಕದ ಅಲ್ಲಿಂದಾಚೆಯ ಪ್ರತಿ ಪುಟವೂ ಇದನ್ನು ಒತ್ತಿಕೊಂಡೇ ಹೊರಬಿದ್ದದ್ದು.

ಅದರಲ್ಲಿದ್ದದ್ದನ್ನು ಇಲ್ಲಿ ಬರೆದಿಡುತ್ತೇನೆ, ಬೇರೆಲ್ಲೂ ಅದು ಈಗ ಇಲ್ಲ. 'ನಗು ಮೊದಲು ದಡ ಮುಟ್ಟಿತು, ಆಮೇಲೆ ಹೊಳೆಮಲ್ಲಿ. ಸೆರಗು ಹಿಂಡುತ್ತಾ ನಿಂತಳು. ರಾಜಕುಮಾರಿ ಬೆರಳಿನ ಉಂಗುರ ಬಿಚ್ಚಿ ಕೊಡಹೋದಳು. ಹೊಳೆಮಲ್ಲಿ ಅದನ್ನು ಮುಟ್ಟಲಿಲ್ಲ. ನಮ್ಮೊಡನೆ ಬಾ ಎಂದು ಅಗಸ ಕರೆದ. ದಾಟುವವರು ಇನ್ನೂ ಬರುತ್ತಾರೆ, ನಾನು ಇಲ್ಲೇ ಇರುತ್ತೇನೆ ಎಂದು ಹರಿಗೋಲು ತಿರುಗಿಸಿದಳು.' ಅದಕ್ಕೆ ಆ ಮೂವರು ಮಾತಿಲ್ಲದೆ ನಿಂತದ್ದು.

ಅದನ್ನು ನಾನು ಮರುದಿನವೇ ಒಯ್ದೆ ಎಂದು ಬರೆಯಲು ಆಸೆ. ಎರಡು ತಿಂಗಳು ಟ್ರಂಕಿನಲ್ಲಿಟ್ಟುಕೊಂಡಿದ್ದೆ. ಯಾರಿಗೂ ತಿಳಿಯದ ತಪ್ಪನ್ನು ನಾನಾಗಿ ಹೋಗಿ ಹೇಳಬೇಕಲ್ಲ. ಕೊನೆಗೆ ಒಂದು ಬೆಳಗ್ಗೆ, ಯಾಕೆಂದು ಗೊತ್ತಿಲ್ಲ, ಕಾಲುಗಳು ಸ್ಟೇಷನ್ನಿನ ಕಡೆ ನಡೆದವು.

ನಿವೃತ್ತರಾಗಿದ್ದರು. ಅದೇ ಮನೆ, ಅದೇ ಮಂಚ. ಈಗ ಅದರ ಮೇಲೆ ಅವರು ಕೂತಿದ್ದರು. "ಓ ಉಸ್ತಾದ್! ಬರ್ರಿ, ಕೂಡ್ರಿ" ಎಂದರು. ನಾನು ಕೂರಲಿಲ್ಲ. ನಿಂತೇ ಎಲ್ಲ ಹೇಳಿದೆ. ಹಾಳೆ ಕೊಟ್ಟೆ.

ಅವರು ಓದಲಿಲ್ಲ. ಮೊದಲು ಅಂಗೈಯಲ್ಲಿಟ್ಟು ತೂಗಿದರು. ಆಮೇಲೆ ತಮ್ಮ ಹೆಬ್ಬೆರಳನ್ನು ಆ ನೇರಳೆ ಹೆಬ್ಬೆಟ್ಟಿನ ಮೇಲಿಟ್ಟು, ಬಹಳ ಹೊತ್ತು ಕೂತರು. ಹೊರಗೆ ಬೀದಿಯಲ್ಲಿ ಯಾರೋ ಕುರಿ ಹೊಡೆದುಕೊಂಡು ಹೋದರು. ಆ ಸದ್ದೆಲ್ಲ ಮುಗಿಯುವವರೆಗೂ ಕೂತರು.

"ಕಣ್ಣು ಮಂಜು. ಓದ್ರಿ" ಎಂದರು. ಓದಿದೆ.

"ಆಕಿ ಕೇಳಿದ್ದು ಇದು" ಎಂದರು. ನನಗಲ್ಲ. ಆಮೇಲೆ ನನ್ನ ಕಡೆ ತಿರುಗಿದರು. "ನಿಮ್ಮ ಪುಟ ಚಲೋ ಇತ್ತು ಉಸ್ತಾದ್. ಕೆಟ್ಟದಾಗಿ ಬರೆದಿದ್ರೆ ನಂದಲ್ಲ ಅಂತ ಅವತ್ತೇ ಗೊತ್ತಾಗ್ತಿತ್ತು. ಚಲೋ ಇತ್ತು, ಅದಕ್ಕೇ ನಂಬಿದೆ."

ನನ್ನ ಜನ್ಮದಲ್ಲಿ ಯಾರೂ ನನ್ನನ್ನು ಅಷ್ಟು ಹೊಗಳಿಲ್ಲ. ಅಷ್ಟು ಹೊಡೆದೂ ಇಲ್ಲ.

"ಬಯ್ರಿ ಸಾಹೇಬ್ರೆ" ಎಂದೆ.

ಅವರು ಎದ್ದು ಗೂಡಿನಿಂದ ಮೂರನೆಯ ಸಂಪುಟ ತೆಗೆದರು. ಆ ಪುಟ ತಾನಾಗಿ ತೆರೆದುಕೊಂಡಿತು. ಹಳೆಯ ಮಸಿಯ ಪ್ಯಾಡು ಒಣಗಿತ್ತು. ಲೋಟದ ನೀರಿನಲ್ಲಿ ಬೆರಳದ್ದಿ ನಾಲ್ಕು ಹನಿ ಚಿಮುಕಿಸಿದರು. "ಇದು ನಿಮ್ಮದು. ಗುರುತು ಹಾಕ್ರಿ" ಎಂದರು. ನಾನು ಜೇಬಿನ ಪೆನ್ನಿಗೆ ಕೈಹಾಕಿದೆ.

"ಸಹಿ ಬ್ಯಾಡ. ಈ ಮನ್ಯಾಗ ಸಹಿ ನಡೆಯಲ್ಲ."

ಒತ್ತಿದೆ. ಪುಟದ ಬಲಮೂಲೆಯಲ್ಲಿ. ಅದು ಶಿಕ್ಷೆಯೋ ಒಪ್ಪಿಗೆಯೋ ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಆ ಮಸಿ ಮೂರು ದಿನ ಹೋಗಲಿಲ್ಲ. ಸೀಮೆಎಣ್ಣೆ ಹಾಕಿ ತಿಕ್ಕಿದರೂ ಹೋಗಲಿಲ್ಲ. ಬಸಣ್ಣ ನೋಡಿ, "ಏನಣ್ಣ, ಎಲ್ಲಿ ಹೆಬ್ಬೆಟ್ಟು ಒತ್ತಿ ಬಂದಿ? ಸಹಿ ಮರೆತೆಯೇನು?" ಎಂದ. ಹಿಂದಿನ ನಾನಾಗಿದ್ದರೆ ಮೊಳೆ ಜೋಡಿಸುವ ಸ್ಟಿಕ್ಕು ಎಸೆಯುತ್ತಿದ್ದೆ. ಆ ದಿನ ಅದರಲ್ಲೇ ಮುಂದಿನ ಸಾಲು ಜೋಡಿಸಿದೆ.

ನಾಲ್ಕನೆಯದನ್ನು ಅವರು ಬರೆಯಲಿಲ್ಲ. ಕೈ ನಡುಗುತ್ತಿತ್ತು, ಕಣ್ಣೂ ಹೋಗಿತ್ತು. ನಾನು ಮತ್ತೆರಡು ಸಲ ಹೋದೆ, ಹೇಳಿ, ಬರೆದುಕೊಳ್ಳುತ್ತೇನೆ ಎಂದೆ. "ನಡುವಿನದು ಸರಿ ಹೋತಲ್ಲ ಉಸ್ತಾದ್, ಸಾಕು" ಎಂದು ನಕ್ಕರು. ಗಂಟೆ ಇನ್ನೂ ಆ ಗೋಪುರದಲ್ಲೇ ಇದೆ. ಮಕ್ಕಳಿಗೆ ಇನ್ನೂ ಹೆಸರಿಲ್ಲ.

ಎಲೆಯವನು ಹೇಳಿದ ಮರುದಿನ ಹರಿಹರಕ್ಕೆ ಹೋದೆ. ಆಕೆಯ ಅಣ್ಣನ ಮಗ, ನಲವತ್ತರ ಮನುಷ್ಯ, ಅಂಗಳದಲ್ಲಿ ಕುರ್ಚಿ ಹಾಕಿದ. ಕೊನೆಯ ದಿನಗಳ ಮಾತು ಹೇಳಿದ. ಅವರ ಎದೆಯ ಜೇಬಿನಲ್ಲಿ ಒಂದು ಹಳೆಯ ಪಾರ್ಸಲ್ ಚೀಟಿ ಇತ್ತಂತೆ. "ರದ್ದಿ, ಬಟ್ಟೆ ಜೋಡಿ ಹೊಳಿಗೆ ಬಿಟ್ವಿ" ಎಂದ. ನಾನು ಕುರ್ಚಿಯ ಕೈ ಹಿಡಿದುಕೊಂಡೆ.

"ಪುಸ್ತಕ ಎಲ್ಲಾ ಬ್ಯಾರೆಯವ್ರಿಗೆ ಕೊಟ್ವಿ. ಇದೊಂದು ಮಾತ್ರ ಇಟ್ಕೊಂಡೀವಿ" ಎಂದು ಹಸಿರು ರೇಶಿಮೆ ಬಟ್ಟೆಯಲ್ಲಿ ಸುತ್ತಿದ್ದ ಗಂಟು ತಂದು ಬಿಚ್ಚಿದ. ಮೂರನೆಯ ಸಂಪುಟ. ಆ ಪುಟಕ್ಕೇ ತೆರೆದುಕೊಂಡಿತು. "ನೋಡ್ರಿ, ನಮ್ಮ ಅತ್ತೀದು ಹೆಬ್ಬೆಟ್ಟು. ಆಕಿಯ ಗುರುತು ಅಂತ ಉಳಿದದ್ದು ಇದೊಂದೇ." ಬಾಗಿಲ ಪರದೆಯ ಆಚೆ ಅವನ ಹೆಂಡತಿ ನಿಂತಿದ್ದಳು, ಸೆರಗಿನ ಅಂಚು ಕಾಣುತ್ತಿತ್ತು.

ಸುಮ್ಮನಿದ್ದು ಎದ್ದು ಬರಬಹುದಿತ್ತು. ಅವರಿಗೊಂದು ಗುರುತಾದರೂ ಉಳಿಯುತ್ತಿತ್ತು. ಆದರೆ ಸುಮ್ಮನಿದ್ದು ನಾನು ಮಾಡಿದ್ದು ಸಾಕಾಗಿತ್ತು.

"ಅದು ಅವರದ್ದಲ್ಲ" ಎಂದೆ. "ನಂದು."

ಅವನು ನನ್ನ ಜೇಬಿನ ಪೆನ್ನು ನೋಡಿದ. "ನೀವು ಅಕ್ಷರ ಬಲ್ಲವರಲ್ಲೇನ್ರಿ?"

"ಬಲ್ಲೆ. ಆದ್ರೂ ನಂದೇ." ಎಡಗೈ ಹೆಬ್ಬೆರಳನ್ನು ಪುಟದ ಪಕ್ಕದಲ್ಲಿಟ್ಟು ತೋರಿಸಿದೆ. ಎರಡರಲ್ಲೂ ಆಕೆಯ ಗಾಯದ ಗೆರೆ ಇರಲಿಲ್ಲ. ಆಮೇಲೆ ಕಳೆದ ಹಾಳೆಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಹೊಳೆಗೆ ಬಿಟ್ಟ ಚೀಟಿಯಲ್ಲಿದ್ದದ್ದನ್ನೂ ಒಂದಕ್ಷರ ಬಿಡದೆ ಹೇಳಿದೆ. ಅವನು ಪುಸ್ತಕ ಮುಚ್ಚಲಿಲ್ಲ.

ಪರದೆ ಅಲುಗಾಡಿತು. ಒಳಗಿನಿಂದ ಹೆಣ್ಣುದನಿ ಕೇಳಿತು: "ಹಂಗಾದ್ರೆ ಹೊಳೆಮಲ್ಲಿ ಸತ್ತಿಲ್ಲೇನ್ರಿ?"

"ಇಲ್ಲವ್ವ" ಎಂದೆ. "ಆಕಿ ದಡದಾಗೇ ಅದಾಳೆ. ಸಾಯಿಸಿದ್ದು ನಾನು."